ಹಕ್ಕಿ ಅಲ್ಲಿ ಏನು ಮಾಡ್ತಾ ಇದೆ ಸರ್?

ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್‌ನ 'ದಿ ವಿಂಡ್‌ಹೋವರ್' ಪದ್ಯವನ್ನು ಆರು ವರ್ಷ ಒಂದೇ ನೋಟ್ಸ್ ಹಿಡಿದು ಮುಗಿಸಿದ್ದೆ. ಹಕ್ಕಿ ಅಂದರೆ ಕ್ರಿಸ್ತ, ಹಾರಾಟ ಅಂದರೆ ಮಹಿಮೆ, ಕೊನೆಯಲ್ಲಿ ಬರುವ ಕೆಂಡ ಅಂದರೆ ಶಿಲುಬೆ. ಬರೆದುಕೊಳ್ಳಿ, ಪರೀಕ್ಷೆಗೆ ಬರುತ್ತೆ. ಅಷ್ಟೇ.

ಏಳನೇ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಹಕ್ಕಿ ಅಲ್ಲಿ ಏನು ಮಾಡ್ತಾ ಇದೆ ಸರ್?" ಹಾರುತ್ತಿದೆ ಅಂದೆ. "ಹಾರ್ತಾ ಇದೆಯೋ, ನಿಂತಿದೆಯೋ?" ನನಗೆ ಗೊತ್ತಿರಲಿಲ್ಲ. ನಾಳೆ ಹೇಳ್ತೀನಿ ಅಂತ ಜಾರಿಕೊಂಡೆ.

ಸಂಜೆ ಮೊಬೈಲಿನಲ್ಲಿ ಕೆಸ್ಟ್ರೆಲ್ ಅನ್ನೋ ಸಣ್ಣ ಬೇಟೆ ಹಕ್ಕಿಯ ವಿಡಿಯೋ ನೋಡಿದೆ. ವಿಂಡ್‌ಹೋವರ್ ಅಂದರೆ ಅದೇ. ಗಾಳಿಗೆ ಎದುರಾಗಿ, ಆಕಾಶದಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುತ್ತದೆ. ಮೈಯೆಲ್ಲ ಅಲುಗಾಡಿದರೂ ತಲೆ ಮಾತ್ರ ಕದಲುವುದಿಲ್ಲ, ಕಣ್ಣು ಕೆಳಗಿನ ಹುಲ್ಲಿನ ಮೇಲೆ. ಆಮೇಲೆ ವಾಲಿ, ಜಾರಿ ಹೋಗುತ್ತದೆ. ಪದ್ಯದ ಮೊದಲ ಎಂಟು ಸಾಲು ಪೂರ್ತಿ ಇದೇ! ಕ್ರಿಸ್ತನ ಹತ್ತಿರ ಬೇಗ ಹೋಗುವ ಆತುರದಲ್ಲಿ ಆ ಎಂಟು ಸಾಲನ್ನೇ ನಾನು ಹಾರಿಸಿಬಿಟ್ಟಿದ್ದೆ. ಕ್ರಿಸ್ತನ ಹೆಸರು ಇರುವುದು ಅರ್ಪಣೆಯ ಸಾಲಿನಲ್ಲಿ ಮಾತ್ರ, ಪದ್ಯದ ಒಳಗೆ ಎಲ್ಲೂ ಇಲ್ಲ.

ಹಾಪ್ಕಿನ್ಸ್ 1868ರಲ್ಲಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘ ಸೇರುವಾಗ ತನ್ನ ಪದ್ಯಗಳನ್ನು ಸುಟ್ಟವನು. ಪೂಜೆಗೆ ಕವಿತೆ ಅಡ್ಡ ಬರಬಾರದು ಅಂತ. ಮತ್ತೆ ಬರೆಯಲು ಶುರು ಮಾಡಿದ್ದು 1875ರಲ್ಲಿ ಹಡಗೊಂದು ಮುಳುಗಿ ಐವರು ಸನ್ಯಾಸಿನಿಯರು ತೀರಿಕೊಂಡ ಮೇಲೆ. ಈ ಪದ್ಯ 1877ರದ್ದು, ವೇಲ್ಸ್‌ನ ಸೇಂಟ್ ಬ್ಯೂನೋಸ್ ಎಂಬ ಜೆಸ್ವಿಟ್ ಕಾಲೇಜಿನಲ್ಲಿ ಪಾದ್ರಿಯಾಗಲು ಓದುತ್ತಿದ್ದಾಗಿನದು. ಒಂದೊಂದು ವಸ್ತುವಿಗೂ ತನ್ನದೇ ಒಳಗಿನ ಕಟ್ಟು ಇರುತ್ತದೆ ಅಂತ ಅವನು ನಂಬಿದ್ದ. ಅದಕ್ಕೆ 'ಇನ್‌ಸ್ಕೇಪ್' ಅಂತ ತಾನೇ ಪದ ಮಾಡಿಕೊಂಡ. ಅವನಿಗೆ ಹಕ್ಕಿಯನ್ನು ಸರಿಯಾಗಿ ನೋಡುವುದೇ ಪ್ರಾರ್ಥನೆ. ನಾನೋ, ಹಕ್ಕಿಯನ್ನು ಓಡಿಸಿ ಪ್ರಾರ್ಥನೆ ಕಲಿಸುತ್ತಿದ್ದೆ.

ಮಾರನೇ ದಿನ ನೋಟ್ಸ್ ಒಯ್ಯಲಿಲ್ಲ. ಪದ್ಯದ ಕೊನೆಯಲ್ಲಿ ಉಳುಮೆಯ ಮಾತೊಂದಿದೆ: ಸುಮ್ನೆ ಹೆಜ್ಜೆ ಹಾಕುತ್ತಾ ಉಳುತ್ತಿದ್ದರೆ ಸಾಕು, ಹೊಳಪು ಬರುತ್ತದೆ ಅಂತ. ಹೊಳೆಯುವುದು ನೇಗಿಲೋ ಮಣ್ಣೋ ಅಂತ ವಿಮರ್ಶಕರು ಇನ್ನೂ ವಾದ ಮಾಡುತ್ತಾರೆ. ಒಬ್ಬ ಹುಡುಗಿ ಹೇಳಿದಳು: "ಅಟ್ಟದ ಮೇಲಿಟ್ಟ ಗುಳ ತುಕ್ಕು ಹಿಡಿದಿರುತ್ತೆ ಸರ್. ನಾಲ್ಕು ಸಾಲು ಹೊಡೆದ್ರೆ ಕನ್ನಡಿ ಥರ ಆಗುತ್ತೆ." ಪಕ್ಕದವಳು, "ಹಸಿ ಮಣ್ಣೂ ಮಿನುಗುತ್ತೆ ಅಲ್ವಾ, ಹೆಂಟೆ ಮಗುಚಿದಾಗ?" ಅಂದಳು. ಪಾಠಕ್ಕೆ ಎರಡು ಪೀರಿಯಡ್ ಜಾಸ್ತಿ ಹಿಡಿಯಿತು. ಸಿಲಬಸ್ ಹಿಂದೆ ಬಿದ್ದು ಶನಿವಾರ ಮಧ್ಯಾಹ್ನ ಕ್ಲಾಸ್ ತೆಗೆದುಕೊಂಡೆ. ಹುಡುಗರು ಬೈದುಕೊಂಡಿರಬೇಕು.

ಮುಂದಿನ ಪದ್ಯ 'ಪೈಡ್ ಬ್ಯೂಟಿ'. ಚುಕ್ಕೆ, ಪಟ್ಟೆ, ಬೆರಕೆ ಬಣ್ಣದ ವಸ್ತುಗಳಿಗಾಗಿ ದೇವರನ್ನು ಹೊಗಳುವ ಪದ್ಯ. ಅದರಲ್ಲಿ ಆಕಾಶವನ್ನು ಪಟ್ಟೆಪಟ್ಟೆಯ ಹಸುವಿಗೆ ಹೋಲಿಸಿದ್ದಾನೆ. ನನ್ನ ನೋಟ್ಸಿನಲ್ಲಿ 'ಬಹುವರ್ಣದ ಗೋವು' ಅಂತಿತ್ತು. "ಹಂಡ ಹಸು ಅನ್ನಿ ಸರ್" ಅಂದರು ಹುಡುಗರು. ಹಳೆಯದನ್ನು ಹೊಡೆದು ಹಾಗೇ ಬರೆದುಕೊಂಡೆ. ಅದೇ ಪದ್ಯದಲ್ಲಿ ಬರುವ ಟ್ರೌಟ್ ಮೀನಿನ ಮೈಮೇಲಿನ ಗುಲಾಬಿ ಮಚ್ಚೆಗೆ ಮಾತ್ರ ಯಾರೂ ಇನ್ನೂ ಪದ ಕೊಟ್ಟಿಲ್ಲ.