ತಾಳಮದ್ದಳೆ ವೀಡಿಯೊಗಳ ಸದ್ದು: ಕೆಲಸ ಎಲ್ಲಿಗೆ ಬಂತು

ದೇವಸ್ಥಾನದ ಸಭಾಭವನದಲ್ಲಿ ರೆಕಾರ್ಡ್ ಮಾಡಿದ ತಾಳಮದ್ದಳೆಗಳನ್ನು (ವೇಷ, ಕುಣಿತವಿಲ್ಲದ, ಹಾಡು-ಮಾತಿನ ಯಕ್ಷಗಾನ) ಯೂಟ್ಯೂಬ್‌ಗೆ ಸಿದ್ಧಪಡಿಸುತ್ತಿದ್ದೇನೆ. ಈ ವಾರ ಚಿತ್ರಕ್ಕೆ ಕೈಹಚ್ಚಲಿಲ್ಲ, ಪೂರ್ತಿ ಸದ್ದಿನದೇ ಕೆಲಸ.

ಭಾಗವತರ ಪದ್ಯಕ್ಕೆ ಚೆಂಡೆ ಕೂಡಿದಾಗ ಮೀಟರ್ -15 ಎಲ್‌ಯುಎಫ್‌ಎಸ್ ಆಸುಪಾಸು ತೋರಿಸುತ್ತದೆ (ಸದ್ದು ಕಿವಿಗೆ ಎಷ್ಟು ಜೋರು ಎಂಬುದರ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು). ಪದ್ಯ ಮುಗಿದು ಅರ್ಥ, ಅಂದರೆ ಪಾತ್ರಧಾರಿಗಳ ಮಾತು, ಶುರುವಾದರೆ -27. ಇಡೀ ಫೈಲ್ ಅಳೆದರೆ ಸುಮಾರು -19, ಅದು ಪದ್ಯಕ್ಕೂ ಹೊಂದದು, ಮಾತಿಗೂ ಹೊಂದದು. ಶಕ್ತಿಯ ಸರಾಸರಿಯಾದ್ದರಿಂದ ಚೆಂಡೆಯೇ ಅದನ್ನು ಮೇಲೆಳೆಯುತ್ತದೆ. ಮೊಬೈಲ್‌ನಲ್ಲಿ ಕೇಳುವ ಹಿರಿಯರು ಕೌರವನ ಮಾತು ಕೇಳಲೆಂದು ವಾಲ್ಯೂಮ್ ಏರಿಸಿದ್ದರೆ ಮುಂದಿನ ಪದ್ಯಕ್ಕೆ ಬೆಚ್ಚಿಬೀಳುತ್ತಾರೆ. ಯೂಟ್ಯೂಬ್ -14 ಮೀರಿದ ವೀಡಿಯೊವನ್ನು ತಗ್ಗಿಸುತ್ತದೆ, ಕಡಿಮೆ ಇದ್ದದ್ದನ್ನು ಆ ಮಟ್ಟಕ್ಕೆ ಏರಿಸುವುದಿಲ್ಲ. ಜೋರು-ಮೆಲ್ಲನೆಯ ಅಂತರವನ್ನು ತಾನೇ ತಗ್ಗಿಸುವ ‘ಸ್ಟೇಬಲ್ ವಾಲ್ಯೂಮ್’ ಎಂಬ ಆಯ್ಕೆ ಇದೆ ನಿಜ, ಆದರೆ ಅದು ಪ್ಲೇಯರ್ ಕೈಯಲ್ಲಿರುವ ವಿಷಯ. ಚೆಂಡೆಯ ಏರಿಳಿತವನ್ನು ಅದಕ್ಕೆ ಒಪ್ಪಿಸಲು ನನಗೆ ಮನಸ್ಸಿಲ್ಲ.

ಎಫ್‌ಎಫ್‌ಎಂಪೆಗ್ ಎಂಬ ಆಡಿಯೊ-ವೀಡಿಯೊ ತಂತ್ರಾಂಶದಲ್ಲಿ ಸದ್ದಿನ ಮಟ್ಟ ಸರಿಪಡಿಸುವ ಲೌಡ್‌ನಾರ್ಮ್ ಫಿಲ್ಟರನ್ನೂ ನೋಡಿದೆ. ಮೊದಲು ಅಳೆದು, ಆ ಅಂಕಿಗಳನ್ನು ಎರಡನೇ ಸುತ್ತಿಗೆ ಕೊಟ್ಟರೆ ಅದು ಇಡೀ ಫೈಲನ್ನು ಒಂದೇ ಸಮ ಏರಿಸಬೇಕು. ಆದರೆ ಹಾಗೆ ಏರಿಸಿದರೆ ಪೀಕ್ (ಸದ್ದಿನ ಅತಿ ಎತ್ತರದ ತುದಿ) ಮಿತಿ ದಾಟುತ್ತದೆ ಎಂದಾದಾಗ ತಾನಾಗಿ ಡೈನಾಮಿಕ್ ವಿಧಾನಕ್ಕೆ, ಅಂದರೆ ಮಟ್ಟವನ್ನು ಕ್ಷಣಕ್ಷಣಕ್ಕೆ ಏರಿಳಿಸುವುದಕ್ಕೆ, ಹೊರಳುತ್ತದೆ. ಪರದೆಯಲ್ಲಿ ‘ನಾರ್ಮಲೈಸೇಷನ್ ಟೈಪ್’ ಸಾಲು ಓದಿದರೆ ಮಾತ್ರ ಗೊತ್ತಾಗುವುದು. ಚೆಂಡೆಯ ಪೀಕ್‌ಗಳಿರುವ ಫೈಲಿನಲ್ಲಿ ಹಾಗೆಯೇ ಆಯಿತು: ಅರ್ಥಧಾರಿ ಮಾತು ನಿಲ್ಲಿಸಿದಲ್ಲೆಲ್ಲ ಫ್ಯಾನಿನ ಸದ್ದು ಉಬ್ಬಿ ಬಂತು, ಚೆಂಡೆಯ ಮೊದಲ ಪೆಟ್ಟು ಸಪ್ಪೆಯಾಯಿತು. ಆ ಪೆಟ್ಟು ಸಪ್ಪೆಯಾದರೆ ಪದ್ಯದ ಏರುವಿಕೆಯೇ ಹೋದಂತೆ.

ಹಾಗಾಗಿ ಈಗ ಕೈಯಾರೆ ಮಾಡುತ್ತಿದ್ದೇನೆ. ಪದ್ಯ ಒಂದು ಟ್ರ್ಯಾಕ್, ಅರ್ಥ ಇನ್ನೊಂದು. ಅರ್ಥದಲ್ಲಿ 70 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುತ್ತೇನೆ, ಕರೆಂಟಿನ 50 ಹರ್ಟ್ಸ್ ಗುಂಯ್ ಅಲ್ಲೇ ಸಾಕಷ್ಟು ತಗ್ಗುತ್ತದೆ. ಪದ್ಯದಲ್ಲಿ ಮದ್ದಳೆಯ ತುಂಬುನಾದ ಉಳಿಯಬೇಕು, ಅದನ್ನು ಮುಟ್ಟುವುದಿಲ್ಲ. ಆಮೇಲೆ ಮಾತನ್ನು 4 ಡೆಸಿಬೆಲ್ ಏರಿಸಿ ಪದ್ಯವನ್ನು 3 ಇಳಿಸಿದರೆ 12ರ ಅಂತರ 5ಕ್ಕೆ ಬರುತ್ತದೆ. ಅಂತರವನ್ನು ಪೂರ್ತಿ ಅಳಿಸಲಾರೆ. ಚೆಂಡೆ ಮಾತಿಗಿಂತ ಜೋರಾಗಿಯೇ ಕೇಳಬೇಕು.

ಕೊನೆಗೆ ಒಟ್ಟು ಮಟ್ಟ -16, ಟ್ರೂ ಪೀಕ್ (ಸದ್ದಿನ ನಿಜವಾದ ತುದಿ) -1 ಮೀರದಂತೆ ತಡೆಯುವ ಲಿಮಿಟರ್. -14ಕ್ಕೆ ಒಯ್ದರೆ ಲಿಮಿಟರ್ ಪೆಟ್ಟುಗಳ ತುದಿಯನ್ನು ಇನ್ನೂ ಹೆಚ್ಚು ಸವರುತ್ತದೆ. ಬೇರೆ ವೀಡಿಯೊಗಳಿಗಿಂತ 2 ಡೆಸಿಬೆಲ್ ಮೆಲ್ಲಗೆ ಕೇಳಿದರೂ ನನಗದು ಒಪ್ಪಿಗೆ.

ಖಾಸಗಿಯಾಗಿ ಅಪ್‌ಲೋಡ್ ಮಾಡಿ, ವೀಡಿಯೊದ ತಾಂತ್ರಿಕ ವಿವರ ತೋರಿಸುವ ಯೂಟ್ಯೂಬ್‌ನ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆದೆ. ಕಂಟೆಂಟ್ ಲೌಡ್‌ನೆಸ್ ಎದುರು -2ರ ಆಸುಪಾಸಿನ ಅಂಕಿ, ಅಂದರೆ -14ಕ್ಕಿಂತ 2 ಕಡಿಮೆ, ಅಂದುಕೊಂಡಂತೆಯೇ. ಮೊಬೈಲ್ ಸ್ಪೀಕರಿನಲ್ಲೂ ಸಂಧಾನ ಪ್ರಸಂಗದ ಮಾತುಗಳು ವಾಲ್ಯೂಮ್ ಮುಟ್ಟದೆ ಸ್ಪಷ್ಟವಾಗಿ ಕೇಳುತ್ತಿವೆ. ಇಬ್ಬರು ಅರ್ಥಧಾರಿಗಳು ಒಂದೇ ಮೈಕ್ ಹಂಚಿಕೊಂಡ ರೆಕಾರ್ಡಿಂಗ್‌ಗಳು ಬಾಕಿ ಇವೆ. ಅವುಗಳಲ್ಲಿ ಮಾತಿನ ಸರದಿ ಬದಲಾದಲ್ಲೆಲ್ಲ ಬೇರೆ ಬೇರೆ ಮಟ್ಟ ಇಡಬೇಕು. ಮುಂದಿನ ವಾರ ಅದಕ್ಕೇ ಕೂರುತ್ತೇನೆ.