ಅಪ್ಪನ ಪಾಲು ಎಲ್ಲಿ ಹೋಯ್ತು? ತೋಟದ ಹುಳ-ಹಾವುಗಳ ದಾಖಲೆ, ಫೆಬ್ರವರಿಯಿಂದ ಜುಲೈವರೆಗೆ

ಈ ಸಲದ ದಾಖಲೆ ಸ್ವಲ್ಪ ಉದ್ದ. ಫೆಬ್ರವರಿಯಲ್ಲಿ ಕಾಫಿಯ ಬೆರ್ರಿ ಬೋರರ್, ಅಂದರೆ ಕಾಯಿ ಕೊರೆಯುವ ಹುಳದಿಂದ ಶುರುವಾದ ಕೆಲಸ ಮಳೆಗಾಲಕ್ಕೆ ಕುರುಡು ಹಾವಿನ ತನಕ ಬಂತು. ನಡುವೆ ಹಿಟ್ಟು ತಿಗಣೆಯೂ (ಮೀಲಿಬಗ್) ಸೇರಿಕೊಂಡಿತು. ಮೂರರ ಬಗ್ಗೆಯೂ ನಾನು ಕೇಳುತ್ತಿರುವ ಪ್ರಶ್ನೆ ಒಂದೇ: ಮರಿಗೆ ಅಪ್ಪನಿಂದ ಏನು ಬರುತ್ತೆ? ನಮ್ಮ ತೋಟ ಸಕಲೇಶಪುರದ ಕಡೆ, ಜಾಸ್ತಿ ರೊಬಸ್ಟಾ ಕಾಫಿ. ಸಲಕರಣೆ ಅಂತ ದೊಡ್ಡದೇನಿಲ್ಲ. ಒಂದು ಹಳೇ ಮೈಕ್ರೋಸ್ಕೋಪ್, ಬ್ಲೇಡು, ಬಿಳಿ ತಟ್ಟೆ, ಸಣ್ಣ ಪೇಂಟಿಂಗ್ ಬ್ರಷ್. ಅಣ್ಣನ ಮಗಳು ಬಿ.ಎಸ್ಸಿ ಓದುತ್ತಿದ್ದಾಳೆ, ರಜೆಯಲ್ಲಿ ಬಂದಾಗ ಕೈ ಜೋಡಿಸುತ್ತಾಳೆ.

ಫೆಬ್ರವರಿ, ಮಾರ್ಚ್: ಕಾಯಿ ಸೀಳುವುದು

ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಉಳಿದ ಕಾಯಿ, ನೆಲಕ್ಕೆ ಬಿದ್ದ ಕಾಯಿ ಎರಡನ್ನೂ ಆರಿಸಿ ತಂದೆ. ಕಾಯಿಯ ಹೊಕ್ಕುಳಲ್ಲಿ ಸಣ್ಣ ದುಂಡು ತೂತು ಇದ್ದರೆ ಒಳಗೆ ಹುಳ ಇದೆ ಎಂದು ಲೆಕ್ಕ. ಸೀಳಿ ತಟ್ಟೆಗೆ ಕೊಡವಿದರೆ ಮೊಟ್ಟೆ, ಮರಿಹುಳ, ಕೋಶ, ದೊಡ್ಡ ಹುಳ ಎಲ್ಲವೂ ಒಂದೇ ಬೀಜದಲ್ಲಿ ಸಿಗುತ್ತವೆ. ಹೆಣ್ಣು ಕಪ್ಪಗೆ, ಒಂದೂವರೆ ಮಿಲಿಮೀಟರ್ ಆಸುಪಾಸು. ಗಂಡು ಅದಕ್ಕಿಂತ ಚಿಕ್ಕದು. ಅನುಮಾನ ಬಂದರೆ ಮೇಲಿನ ಗಟ್ಟಿ ರೆಕ್ಕೆಯನ್ನು ಸೂಜಿಯಿಂದ ಎತ್ತಿ ನೋಡಬೇಕು. ಗಂಡಿಗೆ ಕೆಳಗಿನ ಹಾರುವ ರೆಕ್ಕೆ ಹೆಸರಿಗೆ ಮಾತ್ರ ಇರುತ್ತೆ, ಹಾರೋಕೆ ಆಗಲ್ಲ.

ಸುಮಾರು 10 ಹೆಣ್ಣಿಗೆ 1 ಗಂಡು ಎಂದು ಓದಿದ್ದೆ. ನಮ್ಮ ಕಾಯಿಗಳಲ್ಲೂ ಹಾಗೇ ಕಂಡಿತು. ಎಷ್ಟೋ ಕಾಯಲ್ಲಿ ಒಂದೇ ಗಂಡು. ಆ ಒಂದು ಗಂಡು ತನ್ನ ಅಕ್ಕ-ತಂಗಿಯರ ಜೊತೆಗೇ ಕೂಡುತ್ತೆ, ಹುಟ್ಟಿದ ಕಾಯಿಯೊಳಗೇ ಬದುಕು ಮುಗಿಸುತ್ತೆ. ಹೆಣ್ಣುಗಳು ಕೂಡಿದ ಮೇಲೆ ಹೊರಗೆ ಹಾರಿ ಹೊಸ ಕಾಯಿ ಹುಡುಕುತ್ತವೆ. ಹಾರುವ ಬೋರರ್ ಹಿಡಿಯಲು ತೋಟದಲ್ಲಿ ಇಡುವ ಬ್ರೋಕಾ ಟ್ರ್ಯಾಪಿನಲ್ಲಿ ಬಿದ್ದ ಹುಳಗಳನ್ನೂ ತಂದು ನೋಡಿದೆ. ಒಂದೂ ಗಂಡಿಲ್ಲ. ಹಾರದಿದ್ದರೆ ಟ್ರ್ಯಾಪಿಗೆ ಬರುವುದು ಹೇಗೆ, ಅಲ್ವಾ?

ಇಲ್ಲಿಯವರೆಗಿನದು ಕಣ್ಣಿಗೆ ಕಾಣುವ ಕಥೆ. ಕಾಣದ ಕಥೆ ಇನ್ನೂ ವಿಚಿತ್ರ. ಜೇನುನೊಣದಲ್ಲಿ ಗಂಡು ಹುಟ್ಟುವುದು ವೀರ್ಯ ಸೇರದ ಮೊಟ್ಟೆಯಿಂದ, ಅದಕ್ಕೆ ಅಪ್ಪನೇ ಇಲ್ಲ. ಬೆರ್ರಿ ಬೋರರ್ ಗಂಡಿಗೆ ಅಪ್ಪ ಇದ್ದಾನೆ. ಅಪ್ಪನಿಂದ ಬಂದ ಕ್ರೋಮೋಸೋಮುಗಳ (ಜೀನುಗಳನ್ನು ಹೊತ್ತ ಎಳೆಗಳ) ಕಟ್ಟೂ ಪ್ರತಿ ಜೀವಕೋಶದಲ್ಲಿದೆ. ಆದರೆ ಅದು ಮುದುಡಿಕೊಂಡು ಸುಮ್ನೆ ಕೂತಿರುತ್ತೆ, ಕೆಲಸ ಮಾಡಲ್ಲ. ಈ ಗಂಡು ವೀರ್ಯ ತಯಾರಿಸುವಾಗ ಅಪ್ಪನ ಕಟ್ಟನ್ನು ಕೈಬಿಟ್ಟು ಅಮ್ಮನ ಕಟ್ಟನ್ನು ಮಾತ್ರ ದಾಟಿಸುತ್ತೆ. 1995ರಲ್ಲಿ ಬ್ರೂನ್ ಮತ್ತು ಜೊತೆಗಾರರು ಇದನ್ನು ತೋರಿಸಿದರು.

"ಚಿಕ್ಕಪ್ಪಾ, ಹಾಗಾದ್ರೆ ತಾತ ಮೊಮ್ಮಕ್ಕಳಿಗೆ ಏನೂ ಕೊಡೋದೇ ಇಲ್ವಾ?" ಎಂದಳು ಅಣ್ಣನ ಮಗಳು. ಮಗಳ ಕಡೆಯಿಂದ ಕೊಡುತ್ತಾನೆ, ಮಗನ ಕಡೆಯಿಂದ ಇಲ್ಲ ಎಂದೆ. ಬಾಯಲ್ಲಿ ಹೇಳಿದರೆ ತಲೆಗೆ ಹತ್ತಲ್ಲ, ಆಡಿಯೇ ನೋಡೋಣ ಅಂತ ಅಡುಗೆಮನೆಯಿಂದ ಉದ್ದು, ಹೆಸರುಕಾಳು ತಂದು ಕೂತೆವು.

ಕಾಳಿನ ಆಟ

ಕರಿ ಉದ್ದು ಎಂದರೆ ಔಷಧಿಗೆ ಜಗ್ಗದ ಜೀನ್. ಹೆಸರುಕಾಳು ಎಂದರೆ ಔಷಧಿಗೆ ಸಾಯುವ ಜೀನ್. ಹೆಣ್ಣಿನ ಬಟ್ಟಲಲ್ಲಿ ಎರಡು ಕಾಳು, ಎರಡೂ ಲೆಕ್ಕಕ್ಕೆ ಉಂಟು. ಗಂಡಿನ ಬಟ್ಟಲಲ್ಲೂ ಎರಡು, ಆದರೆ ಅಪ್ಪನಿಂದ ಬಂದ ಕಾಳಿನ ಮೇಲೆ ಬಾಟಲಿ ಮುಚ್ಚಳ.

ಒಂದು ಉದ್ದು, ಒಂದು ಹೆಸರು ಇರುವ ತಾಯಿಯಿಂದ ಶುರು ಮಾಡಿದೆವು. ಅಪ್ಪನಲ್ಲಿ ಲೆಕ್ಕಕ್ಕೆ ಬರುವುದು ಹೆಸರುಕಾಳು. ಗಂಡುಮಕ್ಕಳಲ್ಲಿ ಅರ್ಧಕ್ಕೆ ಉದ್ದು ಬಂತು. ಅಪ್ಪನ ಹೆಸರುಕಾಳು ಮುಚ್ಚಳದಡಿ ಇರುವುದರಿಂದ ಆ ಗಂಡು ಪೂರ್ತಿ ಉದ್ದಿನ ಗಂಡೇ. ಹೆಣ್ಣುಮಕ್ಕಳಲ್ಲಿ ಅರ್ಧ ಮಿಶ್ರ, ಅರ್ಧ ಬರೀ ಹೆಸರುಕಾಳು. ಕಾಯಲ್ಲಿ ಇರುವ ಒಬ್ಬನೇ ಅಣ್ಣ ಉದ್ದಿನವನಾದರೆ ಅಲ್ಲಿನ ಅಷ್ಟೂ ತಂಗಿಯರಿಗೆ ಅವನೇ ಗಂಡ. ಅವರು ಹೊರಗೆ ಬಂದಾಗ ಔಷಧಿ ಬಿದ್ದರೆ ಬರೀ ಹೆಸರುಕಾಳಿನವರು ಸತ್ತರು. ಉಳಿದ ಮಿಶ್ರದವರು ಹೊಸ ಕಾಯಿ ಕೊರೆದು ಮೊಟ್ಟೆ ಇಟ್ಟರೆ, ಅವರ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಎರಡೂ ಉದ್ದು. ಎರಡೇ ತಲೆಮಾರು!

ಮಾಮೂಲಿ ಕೀಟದಲ್ಲಿ ಹೀಗಾಗಲ್ಲ. ಉಳಿದ ಮಿಶ್ರದ ಹೆಣ್ಣು ಹಾರಿಹೋಗಿ ಎಲ್ಲಿಂದಲೋ ಬಂದ ಹೆಸರುಕಾಳಿನ ಗಂಡನ್ನು ಕೂಡುತ್ತೆ, ಉದ್ದು ಮತ್ತೆ ತೆಳುವಾಗುತ್ತೆ. ಇಲ್ಲಿ ಹೊರಗಿನವರಿಗೆ ಬಾಗಿಲೇ ಇಲ್ಲ.

ಇದು ಬರೀ ಕಾಳಿನಾಟ ಅಲ್ಲ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ನಿಜಕ್ಕೂ ನಡೆದಿದೆ. ಅಲ್ಲಿ ರಸ್ತೆ ಮೇಲೆ ಗಾಡಿ ಓಡಿಸುತ್ತಾ ಕಾಫಿ ತೋಟಗಳಿಗೆ ಎಂಡೋಸಲ್ಫಾನ್ ಹೊಡೆಯುತ್ತಿದ್ದರು. ಅದಕ್ಕೆ ಜಗ್ಗದ ಬೋರರ್ ಇದೆ ಎಂದು 1989ರಲ್ಲಿ ವರದಿಯಾಯಿತು. ಅಂಥ ಹುಳಗಳು ಜಾಸ್ತಿ ಸಿಕ್ಕಿದ್ದು ರಸ್ತೆ ಪಕ್ಕದ ಗಿಡಗಳಲ್ಲೇ. ತೋಟದ ಒಳಕ್ಕೆ ಹೋದಂತೆ ಕಡಿಮೆ.

ನಮ್ಮ ದೇಶದಲ್ಲಿ ಈ ಹುಳ ಮೊದಲು ಕಂಡಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ವಯನಾಡು, ಕೊಡಗು ದಾಟಿ ನಮ್ಮ ಕಡೆಗೂ ಬಂತು. ಗಂಡು ಹುಡುಕುವ ಗೋಜೇ ಇಲ್ಲದ, ಆಗಲೇ ಬಸಿರಾಗಿ ಹೊರಡುವ ಹೆಣ್ಣು. ಒಂದು ಮೂಟೆಯ ಮೂಲೆಯಲ್ಲಿ ಅಂಥದ್ದು ಒಂದು ಕೂತಿದ್ದರೂ ಸಾಕು. ಹಾಗಾಗಿ ಈ ವರ್ಷ ಗ್ಲೀನಿಂಗ್, ಅಂದರೆ ಕೊಯ್ಲಾದ ಮೇಲೆ ಉಳಿದ ಕಾಯಿ ಆರಿಸುವ ವಿಷಯದಲ್ಲಿ ನಾನು ಸ್ವಲ್ಪ ಕಿರಿಕಿರಿ ಮನುಷ್ಯನಾದೆ. ನೆಲದ ಕಾಯಿ ಆರಿಸುವಾಗ "ನಾಲ್ಕು ಕಾಯಿ ಉಳಿದರೆ ಏನಾಯ್ತು ಬಿಡಿ ಅಣ್ಣ" ಎಂದವರಿಗೆ ಒಂದು ಕಾಯಿ ಸೀಳಿ ತಟ್ಟೆಯಲ್ಲಿ ತೋರಿಸಿದೆ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಔಷಧಿಗಿಂತ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕೈಯಲ್ಲಿ ಆರಿಸಿ ಬಿಸಿನೀರಿಗೆ ಹಾಕಿದ ಕಾಯಿಗೆ ಯಾವ ಜೀನೂ ಉಪಯೋಗಕ್ಕೆ ಬರಲ್ಲ.

ಏಪ್ರಿಲ್, ಮೇ: ಹಿಟ್ಟು ತಿಗಣೆ

ಹೂಮಳೆ ತಡವಾಗಿ, ಬಿಸಿಲು ಏರಿದಾಗ ರೊಬಸ್ಟಾ ಗೊಂಚಲಲ್ಲಿ ಹಿಟ್ಟು ತಿಗಣೆ ಕಾಣಿಸಿತು. ಅಪ್ಪನ ಕಟ್ಟು ಮುದುಡುವ ವಿಷಯ ಮೊದಲು ಗೊತ್ತಾಗಿದ್ದೇ ಈ ಬಳಗದಲ್ಲಿ. ನಿಂಬೆ ಗಿಡಕ್ಕೂ ಕಾಫಿಗೂ ಬರುವ ಪ್ಲಾನೊಕಾಕಸ್ ಸಿಟ್ರಿಯಲ್ಲಿ ಕ್ರೋಮೋಸೋಮು 10 ಮಾತ್ರ, ಅಮ್ಮನಿಂದ 5, ಅಪ್ಪನಿಂದ 5. ಗಂಡು ಭ್ರೂಣದಲ್ಲಿ ಅಪ್ಪನ 5 ಒಟ್ಟಿಗೆ ಸೇರಿ ಕಪ್ಪು ಚುಕ್ಕೆಯಾಗುತ್ತವೆ.

ಮುದುಡಿದ್ದು ಅಪ್ಪನದೇ ಎಂದು ಗೊತ್ತುಮಾಡಿದ ರೀತಿ ನನಗೆ ತುಂಬಾ ಇಷ್ಟ. 1961ರಲ್ಲಿ ಬ್ರೌನ್ ಮತ್ತು ನೆಲ್ಸನ್-ರೀಸ್ ಎಂಬಿಬ್ಬರು ಗಂಡು ತಿಗಣೆಗಳಿಗೆ ಜೋರಾಗಿ ಎಕ್ಸ್‌ರೇ ಹೊಡೆದು ಹೆಣ್ಣಿನ ಜೊತೆ ಬಿಟ್ಟರು. ಅಪ್ಪನ ಕ್ರೋಮೋಸೋಮು ಚಿಂದಿಯಾದರೆ ಮಕ್ಕಳು ಉಳಿಯಬಾರದು. ಹೆಣ್ಣುಮಕ್ಕಳು ಸತ್ತವು. ಗಂಡುಮಕ್ಕಳು ಬದುಕಿದವು! ಅಪ್ಪನ ಪಾಲನ್ನು ಅವು ಬಳಸುತ್ತಲೇ ಇಲ್ಲವಲ್ಲ, ಹಾಳಾದರೆ ನಷ್ಟ ಏನು? ಇಷ್ಟು ಸರಳ ಪ್ರಯೋಗದಿಂದ ಇಷ್ಟು ಖಚಿತ ಉತ್ತರ ಸಿಗುವುದು ಅಪರೂಪ.

ನನ್ನ ಕಡೆಯಿಂದ ಇಲ್ಲಿ ಪ್ರಗತಿ ಕಡಿಮೆ. ರೆಕ್ಕೆಯ ಗಂಡು ತಿಗಣೆ ಹುಡುಕಿ ಫೋಟೋ ತೆಗೆದದ್ದಷ್ಟೇ. ಅದು ಎಷ್ಟು ನವಿರೆಂದರೆ ಬ್ರಷ್ ತಾಗಿದರೂ ಮುದ್ದೆ.

ಜೂನ್, ಜುಲೈ: ಕುರುಡು ಹಾವು

ಮಳೆ ಹಿಡಿದ ಮೇಲೆ ಗೊಬ್ಬರ ಗುಂಡಿಯಲ್ಲೂ ಹೂಕುಂಡದ ಅಡಿಯಲ್ಲೂ ಕುರುಡು ಹಾವು ಕಾಣತೊಡಗಿದವು. ಎರೆಹುಳ ಅಂದುಕೊಳ್ಳೋದು ಸುಲಭ. ಆದರೆ ಮೈ ಮೇಲೆ ಉಂಗುರ ಇಲ್ಲ, ನುಣುಪು ಹುರುಪೆ ಇದೆ, ಪುಟ್ಟ ನಾಲಗೆ ಆಡಿಸುತ್ತೆ. ಬಾಲದ ತುದಿಯಲ್ಲಿ ಸಣ್ಣ ಮುಳ್ಳು. ಕಿವಿಗೆ ನುಗ್ಗುತ್ತೆ ಎಂದು ಮನೆಯಲ್ಲಿ ಹೆದರುತ್ತಾರೆ. ಪಾಪ, ಅದಕ್ಕೆ ಬೇಕಿರುವುದು ಇರುವೆ-ಗೆದ್ದಲಿನ ಮೊಟ್ಟೆ, ಮರಿ. ವಿಷ ಇಲ್ಲ. ಹಾವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಹಾಗಾಗಿ ಪಕ್ಕದಲ್ಲಿ ಸ್ಕೇಲಿಟ್ಟು ಫೋಟೋ ತೆಗೆದು, ಕುಂಡವನ್ನು ಮೊದಲಿನ ಹಾಗೇ ಇಟ್ಟು ಬರುತ್ತೇನೆ.

ಇದರಲ್ಲಿ ಅಪ್ಪನ ಪ್ರಶ್ನೆಯೇ ಏಳಲ್ಲ. ಪರೀಕ್ಷಿಸಿ ನೋಡಿದವೆಲ್ಲ ಹೆಣ್ಣು. 1987ರಲ್ಲಿ ಅಮೆರಿಕದ ಸಂಶೋಧಕರು ಕ್ರೋಮೋಸೋಮು ಎಣಿಸಿದಾಗ 42 ಸಿಕ್ಕವು. ಅಂದರೆ 14ರ ಮೂರು ಕಟ್ಟು. ಎರಡು ಕಟ್ಟಿದ್ದರೆ ಜೋಡಿ ಕೂಡಿಸಿ ಅರ್ಧ ಮಾಡಬಹುದು. ಮೂರಿದ್ದರೆ ಜೋಡಿ ಲೆಕ್ಕ ಸರಿಹೋಗಲ್ಲ. ಈ ಹಾವು ಆ ತಂಟೆಗೇ ಹೋಗದೆ ಅಮ್ಮನ ಪ್ರತಿಯನ್ನೇ ಮೊಟ್ಟೆಯಲ್ಲಿಡುತ್ತೆ. ಕುಂಡದ ಮಣ್ಣಿನಲ್ಲಿ ಒಂದೇ ಒಂದು ಹಾವು ಹಡಗು ಹತ್ತಿದರೂ ಹೊಸ ಊರಲ್ಲಿ ಸಂಸಾರ ಶುರು. 1930ರಲ್ಲಿ ಹವಾಯಿಯಲ್ಲಿ ಸಿಕ್ಕಿತು. ಫ್ಲೋರಿಡಾ, ಮೆಕ್ಸಿಕೋಗೂ ಹೋಗಿದೆ. ಕಾಫಿ ಮೂಟೆಯ ಬೋರರ್ ಮಾಡಿದ್ದೂ ಇದೇ ಕೆಲಸ. ಜೀನುಗಳ ದಾರಿ ಮಾತ್ರ ಬೇರೆ.

ಬೇರೆ ಹಾವುಗಳಲ್ಲಿ ಗಂಡಿಲ್ಲದೆ ಮರಿ ಆದ ಸುದ್ದಿ ಆಗಾಗ ಬರುತ್ತೆ. ಅಮೆರಿಕದ ಲೂಯಿವಿಲ್ ಮೃಗಾಲಯದ ಥೆಲ್ಮಾ ಎಂಬ ಹೆಬ್ಬಾವಿಗೆ 2012ರಲ್ಲಿ ಹೀಗೆ 6 ಹೆಣ್ಣುಮರಿ ಹುಟ್ಟಿದವು. ಕಾಳಿಂಗ ಸರ್ಪದಲ್ಲೂ ಇದು ಆಗುತ್ತೆ ಎಂದು 2021ರಲ್ಲಿ ಡಿಎನ್‌ಎ ನೋಡಿ ಬರೆದರು. ಇದು ಕುರುಡು ಹಾವಿನ ಥರ ನಕಲು ಪ್ರತಿ ಅಲ್ಲ. ಅಮ್ಮನ ಅರ್ಧ ಕಟ್ಟು ಇನ್ನೊಂದು ಅರ್ಧದ ಜೊತೆ ಸೇರಿಕೊಳ್ಳುತ್ತೆ, ಮರಿಯಲ್ಲಿ ಬಹುಪಾಲು ಜೀನುಗಳ ಎರಡೂ ಪ್ರತಿ ಒಂದೇ ಆಗಿಬಿಡುತ್ತವೆ. ಜೊತೆಗೆ ಹೆಣ್ಣು ಹಾವು ಹಳೇ ವೀರ್ಯವನ್ನು ವರ್ಷಗಟ್ಟಲೆ ಹೊಟ್ಟೆಯಲ್ಲಿ ಕೂಡಿಟ್ಟಿರಲೂಬಹುದು. ಡಿಎನ್‌ಎ ನೋಡದೆ "ಗಂಡಿಲ್ಲದೆ ಹುಟ್ಟಿತು" ಎಂದು ಬರೆಯುವ ಸುದ್ದಿಗಳನ್ನು ನಾನು ಪಕ್ಕಕ್ಕಿಡುತ್ತೇನೆ.

ಮರಿಗಳು ಗಂಡೋ ಹೆಣ್ಣೋ ಎಂಬುದರಲ್ಲೇ ಒಂದು ಪತ್ತೇದಾರಿ ಕಥೆ ಇದೆ. ಗಂಡೋ ಹೆಣ್ಣೋ ಎಂದು ತೀರ್ಮಾನಿಸುವ ಕ್ರೋಮೋಸೋಮು ಜೋಡಿ ಮಂಡಲದ ಬಳಗದ ಹಾವುಗಳಲ್ಲಿ ಹೆಣ್ಣಿಗೆ ಝಡ್‌ಡಬ್ಲ್ಯು, ಗಂಡಿಗೆ ಝಡ್‌ಝಡ್. ಒಬ್ಬಂಟಿ ಅಮ್ಮನ ಮರಿ ಝಡ್‌ಝಡ್ ಅಥವಾ ಡಬ್ಲ್ಯುಡಬ್ಲ್ಯು ಆಗಬೇಕು. ಡಬ್ಲ್ಯುಡಬ್ಲ್ಯು ಉಳಿಯಲ್ಲ, ಹಾಗಾಗಿ ಗಂಡುಮರಿ. ಆದರೆ ಹೆಬ್ಬಾವಿನಂಥ ಬೋವಾ ಹಾವೊಂದಕ್ಕೆ ಗಂಡಿಲ್ಲದೆ ಹುಟ್ಟಿದ 22 ಮರಿಗಳೂ ಹೆಣ್ಣು. 2010ರ ಹೊತ್ತಿಗೆ ಇವು ಬದುಕುಳಿದ ಡಬ್ಲ್ಯುಡಬ್ಲ್ಯು ಇರಬೇಕು ಎಂದು ಅಚ್ಚರಿಪಟ್ಟರು. 2017ರಲ್ಲಿ ಗೊತ್ತಾಯಿತು: ಬೋವಾ, ಹೆಬ್ಬಾವುಗಳಲ್ಲಿ ಝಡ್‌ಡಬ್ಲ್ಯು ಪದ್ಧತಿಯೇ ಇಲ್ಲ, ನಮ್ಮ ಹಾಗೆ ಎಕ್ಸ್‌ವೈ. ಎಕ್ಸ್‌ಎಕ್ಸ್ ಅಮ್ಮನಿಗೆ ಎಕ್ಸ್‌ಎಕ್ಸ್ ಮಗಳು. ಥೆಲ್ಮಾಳ 6 ಹೆಣ್ಣುಮರಿಗೂ ಇದೇ ಕಾರಣ.

ಮುಂದಿನ ಕೆಲಸ

ಕುರುಡು ಹಾವಿನಲ್ಲಿ ನನ್ನ ಸಲಕರಣೆಗೆ ಇನ್ನು ಜಾಸ್ತಿ ಆಗುವಂಥದ್ದಿಲ್ಲ. ಮೈ ಸುತ್ತ 20 ಸಾಲು ಹುರುಪೆ ಇದೆಯಾ ಎಂದು ಫೋಟೋದಲ್ಲಿ ಎಣಿಸಿ ಜಾತಿ ಖಾತ್ರಿ ಮಾಡಿಕೊಳ್ಳಬಹುದು, ಅಷ್ಟೇ. ಹಿಟ್ಟು ತಿಗಣೆಯ ಕಪ್ಪು ಚುಕ್ಕೆ ಮಾತ್ರ ಮನೆಯಲ್ಲೇ ನೋಡಲು ಸಾಧ್ಯ. ಬಸುರಿ ತಿಗಣೆಯ ಭ್ರೂಣ ತೆಗೆದು, ಅಸಿಟೋಕಾರ್ಮೈನ್ ಎಂಬ ಬಣ್ಣ ಹಾಕಿ, ಸ್ಲೈಡಿನ ಮೇಲೆ ಒತ್ತಿ ನೋಡಬೇಕು. ಅರ್ಧದಷ್ಟು ಭ್ರೂಣಗಳಲ್ಲಿ ಪ್ರತಿ ಕೋಶದಲ್ಲೂ ಒಂದು ಕಪ್ಪು ಚುಕ್ಕೆ ಕಂಡರೆ ಅವು ಗಂಡು. ಬಣ್ಣದ ಬಾಟಲಿಯನ್ನು ಅಣ್ಣನ ಮಗಳು ತರಿಸಿಕೊಟ್ಟಿದ್ದಾಳೆ. ತಿಗಣೆಗಳು ಈ ಮಳೆಗೆ ತೋಟದಲ್ಲಿ ಸಿಗುತ್ತಿಲ್ಲ. ಮೊಳಕೆ ಬಂದ ಆಲೂಗಡ್ಡೆಯ ಮೇಲೆ ಅವನ್ನು ಸಾಕಬಹುದಂತೆ. ಜಗಲಿಯ ದಾಸವಾಳದಲ್ಲಿ ಉಳಿದಿದ್ದ ನಾಲ್ಕಾರನ್ನು ಆಲೂಗಡ್ಡೆಗೆ ದಾಟಿಸಿ, ಡಬ್ಬಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿಟ್ಟಿದ್ದೇನೆ.