ಕೈಬರಹದ ನಾಲ್ಕು ಹಾಳೆ

ಹೋದ ಮಳೆಗಾಲದಲ್ಲಿ ನಮ್ಮ ಕನ್ನಡ ಮಾಷ್ಟ್ರು ತೀರಿಕೊಂಡರು. ಅವರ ನೆನಪಿನ ಸಭೆಗೆಂದು ಮೂವತ್ತು ವರ್ಷಗಳ ನಂತರ ನಮ್ಮ ಶಾಲೆಯ ಮೆಟ್ಟಿಲು ಹತ್ತಿದೆ. ಅಲ್ಲಿ ಕಲಿತ ಗಣಿತ, ವಿಜ್ಞಾನ ಎಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಾಷ್ಟ್ರ ದನಿ ಮಾತ್ರ ಕಿವಿಯಲ್ಲಿ ಹಾಗೇ ಇದೆ.

ಎಂಟನೇ ಕ್ಲಾಸಿನಲ್ಲಿ ಕುಮಾರವ್ಯಾಸನನ್ನು ಓದಿಸಲು ಬಂದ ದಿನ ಅವರು ಪುಸ್ತಕವನ್ನೇ ತೆರೆಯಲಿಲ್ಲ. "ಆಟದಲ್ಲಿ ಉತ್ತರನನ್ನು ನೋಡಿದವರು ಯಾರ್‍ಯಾರು?" ಅಂತ ಕೇಳಿದರು. ಎಲ್ಲರೂ ಕೈ ಎತ್ತಿದೆವು. ಪುತ್ತೂರು ಕಡೆಯ ಮಕ್ಕಳು ನಾವು, ಯಕ್ಷಗಾನ ನೋಡದೆ ಬೆಳೆದವರಲ್ಲ. ಹೆಂಗಸರ ಮುಂದೆ ಜಂಬ ಕೊಚ್ಚಿ, ಕೌರವರ ಸೇನೆ ಕಂಡ ಕೂಡಲೇ ರಥದಿಂದ ಹಾರಿ ಓಡುವ ಉತ್ತರ ನಮಗೆ ನೆರೆಮನೆಯ ಹುಡುಗನಿದ್ದ ಹಾಗೆ. ಆಮೇಲೆ ಮಾಷ್ಟ್ರು ವಿರಾಟ ಪರ್ವದ ಷಟ್ಪದಿಗಳನ್ನು ರಾಗವಾಗಿ ಹಾಡಿದರು. ಅರ್ಥ ಹೇಳದೆ ಮೂರು ಸಲ ಹಾಡಿದರು. "ಈಗ ಅರ್ಥ ಆಗದ ಪದ ಯಾವುದು?" ಅಂದರೆ ಐದಾರು ಉಳಿದಿದ್ದವು, ಅಷ್ಟೇ. ಐನೂರು ವರ್ಷಕ್ಕೂ ಹಿಂದಿನ ಕನ್ನಡ! ಹಳೆಯ ಕಾವ್ಯ ಮಕ್ಕಳಿಗೆ ಕಷ್ಟ ಅನ್ನುವವರನ್ನು ಕಂಡಾಗ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ. ಕಣ್ಣಿಗೆ ಕಷ್ಟ ಇರಬಹುದು, ಕಿವಿಗೆ ಖಂಡಿತ ಅಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ನಾವು ಮೂವರು ಒಂದು ಕಿತಾಪತಿ ಮಾಡಿದೆವು. ಶಾಲೆಯ ಪುಸ್ತಕದ ಕಪಾಟಿಗೆ ಯಾವಾಗಲೂ ಬೀಗ. ಒಂದು ದಿನ ಬೀಗ ಹಾಕಲು ಮರೆತಿದ್ದರು. ಸುಮ್ನೆ ಕೈ ಹಾಕಿದಾಗ ಸಿಕ್ಕಿದ್ದು ಕಾರಂತರ ಬೆಟ್ಟದ ಜೀವ. ಅಂಗಿಯೊಳಗೆ ಬಚ್ಚಿಟ್ಟುಕೊಂಡು ತೋಟಕ್ಕೆ ಓಡಿದೆವು. ದಾರಿ ತಪ್ಪಿ ಬಂದವನನ್ನು ಮನೆಮಗನ ಹಾಗೆ ಉಳಿಸಿಕೊಳ್ಳುವ ಗೋಪಾಲಯ್ಯ, ಬಿಟ್ಟುಹೋದ ಮಗ ಶಂಭುವಿಗಾಗಿ ಕಾಯುವ ಶಂಕರಮ್ಮ, ಕಾಡಿನ ನಡುವೆ ಅಡಿಕೆ ತೋಟ. ನಮ್ಮದೇ ಊರು, ನಮ್ಮದೇ ಅಜ್ಜ ಅಜ್ಜಿ ಪುಸ್ತಕದೊಳಗೆ ಹೋಗಿ ಕೂತ ಹಾಗಿತ್ತು. ಅರ್ಧ ಓದುವಷ್ಟರಲ್ಲಿ ಮಳೆ ಹೊಡೆಯಿತು. ಪುಸ್ತಕ ತೊಪ್ಪೆಯಾಯಿತು. ಅಡಿಕೆ ಒಣಗಿಸುವ ಅಟ್ಟದಲ್ಲಿಟ್ಟು ಒಣಗಿಸಿದೆವು. ನಾಲ್ಕು ಹಾಳೆ ಅಂಟಿಕೊಂಡು ಹರಿದೇ ಹೋದವು.

ಮಾಷ್ಟ್ರು ಪುಸ್ತಕವನ್ನು ಮೂಸಿ ನೋಡಿದರು. ಹೊಗೆ ವಾಸನೆ. ಬೆತ್ತ ತೆಗೆಯಲಿಲ್ಲ. "ಹೋದ ಹಾಳೆಯಲ್ಲಿ ಏನಿತ್ತು ಮಾರಾಯ?" ಅಂದರು. ಅಲ್ಲಿವರೆಗೆ ನಾವು ಓದಿರಲಿಲ್ಲ. ಮರುವಾರ ಪೇಟೆಯ ಲೈಬ್ರರಿಯಿಂದ ಇನ್ನೊಂದು ಪ್ರತಿ ತಂದು ನಮ್ಮ ಮುಂದೆ ಇಟ್ಟರು. ಆ ನಾಲ್ಕು ಹಾಳೆಯನ್ನು ನಾವು ಮೂವರು ಕೈಯಲ್ಲಿ ಬರೆದು ಅಂಟಿಸಬೇಕು, ಆಮೇಲೆ ದಿನವೂ ಕೊನೆಯ ಪೀರಿಯಡ್‌ನಲ್ಲಿ ಇಡೀ ಕಾದಂಬರಿಯನ್ನು ಕ್ಲಾಸಿಗೆ ಓದಿ ಹೇಳಬೇಕು. ಕಾರಂತರ ಪುಟ್ಟ ಪುಟ್ಟ ವಾಕ್ಯ ಕೈಗೆ ಬಂದದ್ದು ಆಗಲೇ. ಇವತ್ತು ಪತ್ರಿಕೆಗಳಲ್ಲಿ ನನ್ನ ಬರಹ ಓದಿದವರು ಭಾಷೆ ತಿಳಿಯಾಗಿದೆ ಅನ್ನುತ್ತಾರೆ. ಅದು ಆ ನಾಲ್ಕು ಹಾಳೆಯ ಸಂಪಾದನೆ.

ಸಭೆಯಲ್ಲಿ ಈಗಿನ ಮಕ್ಕಳ ಜೊತೆ ಕೂತಿದ್ದೆ. ಕಾರಂತರಿಗೆ 1977ರಲ್ಲಿ ಜ್ಞಾನಪೀಠ ಬಂತು ಅಂತ ಪಟಪಟ ಹೇಳಿದರು. ಅವರ ಒಂದು ಪುಸ್ತಕವನ್ನಾದರೂ ಪೂರ್ತಿ ಓದಿದವರಿರಲಿಲ್ಲ. ತಪ್ಪು ಮಕ್ಕಳದಲ್ಲ. ನಾವು ಕೊಡುವುದು ಎರಡು ಪುಟದ ತುಂಡು, ಮೇಲೊಂದು ಕವಿ ಪರಿಚಯ, ಕೆಳಗೆ ಪ್ರಶ್ನೆ. ಅಷ್ಟರಿಂದ ಹಸಿವು ಹೇಗೆ ಹುಟ್ಟುತ್ತದೆ?

ಇಡೀ ಪುಸ್ತಕ ಕೊಡಿ. ಏಳನೇ ಕ್ಲಾಸಿನವರಿಗೆ ತೇಜಸ್ವಿಯವರ ಕರ್ವಾಲೊ ಕೊಟ್ಟು ನೋಡಿ, ಹಾರುವ ಓತಿಯನ್ನು ಹುಡುಕಿಕೊಂಡು ಅವರೇ ಕೊನೆಯ ಪುಟಕ್ಕೆ ಹೋಗುತ್ತಾರೆ. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ನನಗೆ ಪ್ರಾಣ, ಆದರೆ ಅದು ಕಾಲೇಜಿಗೆ ಇರಲಿ. ಅವಸರ ಬೇಡ. ಹತ್ತನೇ ಕ್ಲಾಸಿಗೆ ಬಂದಾಗ ಕಾರಂತರ ಚೋಮನ ದುಡಿ ಬೇಕೇ ಬೇಕು, ಜೊತೆಗೆ ಒಬ್ಬ ಮಾಷ್ಟ್ರೂ ಬೇಕು. ಎತ್ತು ಇದ್ದೂ, ಹುಟ್ಟಿದ ಜಾತಿಯ ಕಾರಣಕ್ಕೆ ಉಳಲು ಗದ್ದೆ ಸಿಗದ ಚೋಮ. 1933ರ ಕಾದಂಬರಿ. ಅದನ್ನು ಓದಿ ಮುಗಿಸಿದ ದಿನ ನಮ್ಮ ಬೆಂಚಿನ ಗೆಳೆಯನೊಬ್ಬ ಎದ್ದು ನಿಂತು, "ಇದು ನನ್ನ ಅಜ್ಜನ ಕತೆ" ಅಂದ. ಮಾಷ್ಟ್ರು ಅವತ್ತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನ ಪಕ್ಕ ಬಂದು ಕೂತರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಸಭೆ ಮುಗಿದ ಮೇಲೆ ಕಪಾಟಿನ ಬೀಗ ತೆಗೆಸಿದೆ. ಬೆಟ್ಟದ ಜೀವ ಕೆಳಗಿನ ಸಾಲಿನಲ್ಲಿತ್ತು. ನಮ್ಮ ನಾಲ್ಕು ಹಾಳೆ ಹಳದಿಯಾಗಿವೆ, ಅಂಟು ಬಿಟ್ಟಿಲ್ಲ. ನಾನು ಬರೆದ ಪುಟದಲ್ಲಿ ಒಂದು ಅಕ್ಷರದ ದೀರ್ಘ ಬಿಟ್ಟುಹೋಗಿತ್ತು. ಅದರ ಮೇಲೆ ಮಾಷ್ಟ್ರ ಕೆಂಪು ಶಾಯಿಯ ಗುರುತು ಇನ್ನೂ ಇದೆ.